ಪಿಕಪ್ ಗಾಡಿಗೆ ಹುಣಸೆಹುಳಿ

ಆಗ ನನಗೆ ಅರವತ್ತೆಂಟು. ಅದಾಗಿ ಈಗ ನಾಲ್ಕು ವರ್ಷ. ಪಾತ್ರೆ ಬೆಳಗುವುದರಲ್ಲಿ ಹಿಂದೂಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲ.

ನಮ್ಮ ಯಜಮಾನರದು ಒಂದು ಪಿಕಪ್ ಗಾಡಿ. ನಮ್ಮ ಮದುವೆಗಿಂತ ಸ್ವಲ್ಪ ಚಿಕ್ಕದು, ಸದ್ದು ಮಾತ್ರ ಅಷ್ಟೇ. ಒಂದು ಕಾಲಕ್ಕೆ ಅದರಲ್ಲಿ ನೂಲು, ಸೀರೆಗಂಟು ಹೇರಿದ್ದೆವು. ಆಮೇಲೆ ಬೇವಿನ ಮರದ ಕೆಳಗೆ ನಿಂತಿತು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಟ್ಟವು.

ಕಲ್ಯಾಣದುರ್ಗದಲ್ಲಿ ನನ್ನ ನಾದಿನಿಯ ಮಗಳಿಗೆ ಮದುವೆ ಗೊತ್ತಾಯಿತು. ಯಜಮಾನರು ಘೋಷಿಸಿದರು: "ನಮ್ಮ ಗಾಡೀಲೇ ಹೋಯ್ತೀನಿ. ಸಾರೆನೂ ಅದ್ರಲ್ಲೇ!"

ಸಾರೆ ಎಂದರೆ ಹೆಣ್ಣಿಗೆ ನಾವು ಒಯ್ಯುವ ಪಾತ್ರೆ, ಸೀರೆ, ಲಾಡು. ಇವರು ಸೋದರಮಾವ. ಇವರು ಕೈಹಿಡಿದು ಕರೆತರದೆ ಹುಡುಗಿ ಹಸೆಮಣೆ ಹತ್ತುವ ಹಾಗಿಲ್ಲ.

"ಅದು ಓಡ್ತದಾ?" ಎಂದೆ.

"ನನ್ನ ಕೈ ನೆಟ್ಟಗಿರೋವರ್ಗೂ ಓಡ್ತದೆ ಕಣೇ!"

ಆ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮಗ್ಗ ಮಾರಿದ್ದರೂ ನಾವು ನೇಯುತ್ತಿದ್ದ ಶೆಡ್ಡಿನಲ್ಲಿ ಮಗ್ಗದ ಗುಂಡಿ ಉಳಿದಿತ್ತು. ಮುಂದಿನ ಗೋಡೆ ಮೊದಲೇ ಬಿದ್ದಿತ್ತು, ಒಳ್ಳೆಯದೇ ಆಯಿತು. ಗಾಡಿಯನ್ನು ತಳ್ಳಿ ಗುಂಡಿಯ ಮೇಲೆ ನಿಲ್ಲಿಸಿದೆವು. ಸೀರೆ ನೇಯುವಾಗ ಕಾಲಿಳಿಬಿಟ್ಟು ಕೂರುತ್ತಿದ್ದ ಜಾಗದಲ್ಲಿ ಕೂತು ಇವರು ಗಾಡಿಯ ಹೊಟ್ಟೆ ಬಿಚ್ಚಿದರು. ಆರು ತಿಂಗಳು! ಊಟಕ್ಕೆ ಕರೆದರೆ ತಲೆ ಮಾತ್ರ ಮೇಲೆ ಬರುತ್ತಿತ್ತು.

ಮದುವೆಗೆ ಎರಡು ದಿನವಿತ್ತು. ಸಾರೆಯ ಹಿತ್ತಾಳೆ ಬಿಂದಿಗೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿದೆ. ಚಿನ್ನವಾದವು. ಬೋಗುಣಿಯ ತುಂಬ ಹುಣಸೆ ನೀರು ಉಳಿಯಿತು. ಉಳಿದದ್ದನ್ನು ಚೆಲ್ಲುವ ಕೈ ನನ್ನದಲ್ಲ.

ಯಜಮಾನರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಶೆಡ್ಡಿನಲ್ಲಿ ಇವರು ಬೆಳಿಗ್ಗೆ ತೊಳೆದಿಟ್ಟ ಕಾರ್ಬುರೇಟರ್ ಇತ್ತು. ಇಂಜಿನ್ನಿಗೆ ಪೆಟ್ರೋಲು ಕುಡಿಸುವ ಸಾಮಾನು ಅದು. ಪಕ್ಕದಲ್ಲಿ ಒಂದು ಚೀಟಿ. ನನ್ನದು ಮೂರನೇ ಕ್ಲಾಸಿನ ಓದು. ಕೂಡಿಸಿ ಓದಿದೆ: ಮು-ಟ್ಟ-ಬೇ-ಡ. ಓದಲು ಬಂತಲ್ಲ ಎಂಬ ಖುಷಿಯಲ್ಲಿ ಮುಟ್ಟಿಬಿಟ್ಟೆ!

ನನ್ನ ಕಣ್ಣಿಗೆ ಅದು ಕಪ್ಪಗಿತ್ತು. ಮದುವೆಗೆ ಹೋಗುವ ಸಾಮಾನು ಕಪ್ಪಗಿರಬಹುದೇ? ಬೋಗುಣಿಯಲ್ಲಿ ಮುಳುಗಿಸಿದೆ. ಚಿಟಿಕೆ ಉಪ್ಪು ಹಾಕಿದೆ. ತೊಳೆದು, ಸೆರಗಿನಲ್ಲಿ ಒರೆಸಿ, ಚೀಟಿಯ ಪಕ್ಕದಲ್ಲೇ ಇಟ್ಟೆ.

ಸಂಜೆ ಯಜಮಾನರು ಕೂಗಿದರು. "ನೋಡಿಲ್ಲಿ! ಹೊಸದ್ರಂಗೈತೆ. ಈ ಕೈಗೆ ವಯಸ್ಸಾಗಿಲ್ಲ ಕಣೇ!"

ಮುಖ ಅಷ್ಟು ಅರಳಿತ್ತು. ಸುಮ್ಮನಾದೆ. ಅದು ಎರಡನೇ ತಪ್ಪು.

ಮದುವೆಯ ದಿನ ಬೆಳಿಗ್ಗೆ ಐದಕ್ಕೆ ಹೊರಟೆವು. ಗಾಡಿ ಓಡಿತು! ಪಾವಗಡ ದಾಟಿದೆವು. ಆಮೇಲೆ ಒಂದು ಏರಿನಲ್ಲಿ ಕೆಮ್ಮಿತು. ಮತ್ತೆ ಕೆಮ್ಮಿತು. ನಿಂತಿತು.

ಯಜಮಾನರು ಬಾನೆಟ್ಟು ಎತ್ತಿ ಅಲ್ಲಿ ಇಲ್ಲಿ ತಿರುಪಿದರು. ಮುಹೂರ್ತ ಹತ್ತಿರವಾಗುತ್ತಿತ್ತು. ತುಂಬಿದ ಜೀಪೊಂದು ಬಂದು ನಿಂತಿತು.

"ಎಕ್ಕು ಪೆದ್ದಮ್ಮಾ, ಬೇಗ ಹತ್ತು!" ಎಂದ ಡ್ರೈವರು ಅರೆ ತೆಲುಗಿನಲ್ಲಿ. "ಯಜಮಾನ್ರು ಹಿಂದೆ ನೇತಾಡ್ಕೊಂಡ್ ಬರ್ಲಿ!"

ಬಿಂದಿಗೆ ನನ್ನ ತೊಡೆಯ ಮೇಲೆ. ಲಾಡು ಬುಟ್ಟಿ ಯಾರದೋ ತಲೆಯ ಮೇಲೆ. ಸೋದರಮಾವ ಜೀಪಿನ ಹಿಂದೆ!

ಚಪ್ಪರದಲ್ಲಿ ನಾದಿನಿ ಓಡಿಬಂದಳು. "ಏನಣ್ಣ, ಗಾಡೀಲಿ ಬತ್ತೀನಿ ಅಂದಿದ್ದೆ?"

"ಗಾಡಿ ಚೆನ್ನಾಗೈತೆ ಕಣಮ್ಮ," ಎಂದರು ಯಜಮಾನರು. "ನನ್ನ ಕೈ ಕೆಟ್ಟೋಗೈತೆ."

ಆ ಕೈಯಲ್ಲೇ ಹುಡುಗಿಯನ್ನು ಕರೆತಂದರು. ಗೋರಂಟಿ ಹಚ್ಚಿದ ಕೈಗೆ ಐದು ಬೆರಳಿನ ಗ್ರೀಸು ಅಂಟಿತು. ಫೋಟೋದಲ್ಲಿ ಇವತ್ತಿಗೂ ಇದೆ.

ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು: "ಗುಜರಿಗೆ ಹಾಕ್ಬುಡಾನ. ಸ್ಪ್ಯಾನರ್ ಹಿಡಿಯೋ ಕೈ ಅಲ್ಲ ಇದು ಇನ್ನ."

ಎಲೆಗೆ ಸಾರು ಬಂತು. ಹುಳಿ ಮುಂದಾಗಿತ್ತು. ನನ್ನ ಬೋಗುಣಿ ನೆನಪಾಯಿತು. ಸಾಯುವ ತನಕ ಈ ಮನುಷ್ಯ ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ಕೂತು ಕೇಳಬೇಕು. ಬೈಸಿಕೊಳ್ಳುವುದೇ ಸುಲಭ ಅನ್ನಿಸಿತು. ಆದರೂ ಅಂದು ಬಾಯಿ ಬಿಡಲಿಲ್ಲ. ಪಾಯಸ ಇನ್ನೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಇವರನ್ನು ಎಬ್ಬಿಸಿ ಜೀಪು ಹತ್ತಿಸಿ ಗಾಡಿಯ ಹತ್ತಿರ ಕರೆತಂದೆ. "ಕಾರ್ಬುರೇಟರ್ ಬಿಚ್ಚಿ," ಎಂದೆ. ಬಿಚ್ಚಿದರು. ಸಣ್ಣ ತೂತಿನಿಂದ ಕಡ್ಡಿಯಲ್ಲಿ ಒಂದು ನಾರು ಎಳೆದರು. ಮೂಸಿದರು. ನನ್ನನ್ನು ನೋಡಿದರು.

"ಉಪ್ಪೂ ಹಾಕಿದ್ಯಾ?"

"ಒಂದು ಚಿಟಿಕೆ."

"ಹಂಗಾದ್ರೆ ಕೆಟ್ಟಿದ್ದು ನನ್ನ ಕೈಯಲ್ಲ."

"ಅಲ್ಲ. ನಂದು."

ಪೆಟ್ರೋಲಿನಲ್ಲಿ ತೊಳೆದು, ಊದಿ, ಮತ್ತೆ ಕೂರಿಸಿದರು. ಕೈ ನಡುಗುತ್ತಲೇ ಇತ್ತು. ಗಾಡಿ ಒಂದೇ ಏಟಿಗೆ ಎದ್ದಿತು!

ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಮುಟ್ಟಬೇಡ!" ಎಂದರು. "ಹಿಂದೆ ಹತ್ತು."

ಹಿಂದೆ ಹತ್ತಿ, ಹಿಂದೂಪುರದ ತನಕ ಸಾಮಾನಿನ ಹಾಗೆ ಬಂದೆ.