ರೂಟ್‌ನನ್ನು ಕೆಲಸದಿಂದ ತೆಗೆದ ಸತ್ಯಮೂರ್ತಿಯವರು

“ಮೂರು ಗಂಟೆಯೊಳಗೆ ಈ ಕಂಪ್ಯೂಟರಿಗೆ ಆಫೀಸಿನ ಶಿಸ್ತು ಕಲಿಸಿಬಿಡ್ತೀನಿ!” ಎಂದು ಸತ್ಯಮೂರ್ತಿಯವರು ಘೋಷಿಸಿದರು. ಮುಂಬಯಿಯ ದಾದರ್‌ನ ಆ ಸರಕು ಸಾಗಣೆ ಕಚೇರಿಗೆ ಅವರು ಮ್ಯಾನೇಜರು. ಮಂಡ್ಯದಿಂದ ಬಂದು ಇಪ್ಪತ್ತೆರಡು ವರ್ಷ ಲೋಕಲ್ ರೈಲಿನಲ್ಲಿ ನೇತಾಡಿ ಗಳಿಸಿದ ಸಿಂಹಾಸನ ಅದು!

ಯುನಿಕ್ಸ್ ಕಂಪ್ಯೂಟರು ಬಂದದ್ದು ತೊಂಬತ್ತೊಂದರಲ್ಲಿ. ಆರು ತಿಂಗಳು ಅದರ ಕಡೆ ತಿರುಗಿಯೂ ನೋಡದವರು, ಹೆಡ್ಡಾಫೀಸಿನ ರಾಮಸ್ವಾಮಿಯವರು ಈ ದಿನ ಮೂರು ಗಂಟೆಗೆ ತಪಾಸಣೆಗೆ ಬರುವ ಸುದ್ದಿ ಕೇಳಿ ಹಿಂದಿನ ದಿನವಷ್ಟೇ ಅದರಲ್ಲಿ ತಮ್ಮ ಹೆಸರು ಸೇರಿಸಿಕೊಂಡಿದ್ದರು. ಈಗ ಆಪರೇಟರ್ ಶಾಮಲಾ ಬಳಕೆದಾರರ ಪಟ್ಟಿ ತೆರೆದು ತೋರಿಸಿದರೆ, ಮೊದಲ ಸಾಲಿನಲ್ಲಿ ಯಾರೋ ‘ರೂಟ್’!

“ಯಾರಮ್ಮಾ ಇವನು? ಬಾಂದ್ರಾ ಚರ್ಚಿನ ಕಡೆಯವನಾ?”

“ಊಟ ಮಾಡ್ಕೊಂಡು ಬಂದು ಹೇಳ್ತೀನಿ ಸಾರ್. ಏನೂ ಮುಟ್ಬೇಡಿ. ಅವನಿಲ್ದೆ ಇಲ್ಲಿ ಏನೂ ನಡೆಯಲ್ಲ!”

ಈ ಮಾತು ಎದೆಗೆ ನಾಟಿತು. ತಮ್ಮ ಬಗ್ಗೆ ಯಾರಾದರೂ ಹೀಗೆ ಹೇಳಲಿ ಎಂದು ಅವರು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದರು!

ಶಾಮಲಾ ಅತ್ತ ಹೋದದ್ದೇ ತಡ, ಸಾಹೇಬರು ಅವಳ ಕುರ್ಚಿಯಲ್ಲಿ ಕೂತರು. ಪಟ್ಟಿ ತೆರೆದೇ ಇತ್ತು. ಸಾಲು ಅಳಿಸುವುದು, ಬರೆಯುವುದು, ಉಳಿಸುವುದು, ಎಲ್ಲವನ್ನೂ ಹಿಂದಿನ ದಿನ ಅವಳಿಂದ ಕೇಳಿ ಚೀಟಿಯಲ್ಲಿ ಗುರುತು ಮಾಡಿಕೊಂಡಿದ್ದರು. ‘ಡಿ’ ಕೀಲಿಯನ್ನು ಎರಡು ಸಲ ಒತ್ತಿದರು. ರೂಟ್ ಮಾಯ! ಮೆಮೋ ಇಲ್ಲ, ವಿಚಾರಣೆ ಇಲ್ಲ, ಯೂನಿಯನ್ನಿನ ಬಾವುಟವಿಲ್ಲ! ಆ ಜಾಗದಲ್ಲಿ ‘ಸತ್ಯಮೂರ್ತಿ, ಬಿ.ಎ., ಮ್ಯಾನೇಜರ್’ ಎಂದು ಟೈಪು ಮಾಡಿ ಉಳಿಸಿ, ಶಿಸ್ತಿನ ಮನುಷ್ಯರಾದ್ದರಿಂದ ಲಾಗೌಟ್ ಮಾಡಿ ಯಂತ್ರದಿಂದ ಹೊರಗೂ ಬಂದರು.

ಊಟ ಮುಗಿಸಿ ಬಂದ ಶಾಮಲಾ ಮತ್ತೆ ಒಳಹೋಗಲು ರೂಟ್ ಹೆಸರನ್ನೂ ತನ್ನ ಹೆಸರನ್ನೂ ಟೈಪು ಮಾಡಿಯೇ ಮಾಡಿದಳು. ಯಂತ್ರಕ್ಕೆ ರೂಟೂ ಗೊತ್ತಿಲ್ಲ, ಅವಳೂ ಗೊತ್ತಿಲ್ಲ.

“ಸಾರ್, ರೂಟ್‌ನ ಏನ್ಮಾಡಿದ್ರಿ?”

“ತೆಗೆದ್ಹಾಕಿ ಆ ಜಾಗದಲ್ಲಿ ನನ್ನ ಹೆಸರು ಬರೆದೆ. ಒಂದು ದಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವನಲ್ಲ!”

“ಅಯ್ಯೋ ಸಾರ್, ಅದು ಮನುಷ್ಯನಲ್ಲ! ಇಡೀ ಯಂತ್ರದ ಅಧಿಕಾರ ಇರೋದೇ ಆ ಹೆಸರಲ್ಲಿ. ನೀವು ಬರೆದಿರೋ ಸಾಲಿನಿಂದ ಪಟ್ಟಿ ಪೂರ್ತಿ ಕೆಟ್ಟಿದೆ!”

ಅಷ್ಟರಲ್ಲಿ ರಾಮಸ್ವಾಮಿಯವರು ಒಳಗೆ ಬಂದೇಬಿಟ್ಟರು.

“ಎಲ್ಲಿ, ತೋರ್ಸಿ ನೋಡೋಣ.”

ಸತ್ಯಮೂರ್ತಿಯವರು ಬಿ.ಎ. ಸಮೇತ ತಮ್ಮ ಹೆಸರು ಒತ್ತಿದರು. ತಪ್ಪು ಎಂದಿತು ಯಂತ್ರ. ಮತ್ತೆ ಒತ್ತಿದರು. ಮತ್ತೆ ತಪ್ಪು!

“ಏನ್ರೀ, ನಿಮ್ಮನ್ನೇ ಒಳಗೆ ಬಿಡ್ತಿಲ್ವಲ್ಲ!”

“ಹೊಸದು ಸಾರ್... ಇನ್ನೂ ಪರಿಚಯ ಆಗಿಲ್ಲ.”

ಶಾಮಲಾ ಡ್ರಾಯರಿನಿಂದ ಫ್ಲಾಪಿಗಳನ್ನು ತೆಗೆದು ಯಂತ್ರವನ್ನು ಅವುಗಳಿಂದಲೇ ಎಬ್ಬಿಸಿ, ಹಳೆಯ ಪಟ್ಟಿಯನ್ನು ಮರಳಿ ಕೂರಿಸಿದಳು. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಹೆಸರುಗಳು ಮೂಡಿದವು. ಎಲ್ಲಕ್ಕಿಂತ ಮೇಲೆ ರೂಟ್. ಎಲ್ಲಕ್ಕಿಂತ ಕೆಳಗೆ, ಪಾರ್ಸೆಲ್ಲುಗಳ ನಂಬರು ಒತ್ತುವ ಜವಾನ ಪರಪ್ಪ.

“ನಾನೆಲ್ಲಿ?” ಎಂದರು ಸತ್ಯಮೂರ್ತಿಯವರು.

“ಇದು ಹೋದ ತಿಂಗಳ ನಕಲು ಸಾರ್. ಆಗ ನೀವಿರ್ಲಿಲ್ಲ.”

“ಈಗ ಸೇರ್ಸಮ್ಮಾ!”

“ಸೇರಿಸ್ತೀನಿ ಸಾರ್. ಹೊಸಬರು ಕೊನೇಲಿ.”

ರಾಮಸ್ವಾಮಿಯವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಚಹಾದ ತಟ್ಟೆ ಹಿಡಿದು ನಿಂತಿದ್ದ ಪರಪ್ಪ ಪರದೆಯನ್ನೊಮ್ಮೆ, ಸಾಹೇಬರ ಮುಖವನ್ನೊಮ್ಮೆ ನೋಡಿ ಮರುಗಿದ:

“ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ನನ್ನ ಕೈಕೆಳಗ ಯಾರಿಗೂ ತ್ರಾಸ ಆಗಂಗಿಲ್ಲ!”