ತೊಟ್ಟಿಲ ಕಾಲು ಕಡೆಯಲು ಹೋಗಿ

ಡ್ರಾಯಿಂಗ್ ಮಾಸ್ತರ ಕೈಯಲ್ಲಿ ಉಳಿ ಹಿಡಿದರೆ ಫಜೀತಿಗಳು ಮನೆ ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕದಲ್ಲಿ, ನಾನು ಬೈಲಹೊಂಗಲದ ಸಾಲಿಯಲ್ಲಿ ಮಾಸ್ತರನಾಗಿದ್ದಾಗ, ಹಾಗೆ ಬಂದವು ಇವು.

ಬಡಿಗೇರ ಕಾಕಾನ ವಾಯಿದೆ

ಮಗಳು ಚೊಚ್ಚಲ ಹೆರಿಗೆಗೆ ಸವದತ್ತಿಯಿಂದ ಬಂದಿದ್ದಳು. ತವರಿನ ತೊಟ್ಟಿಲು ಯಾವಾಗ ಎಂದು ಬೀಗರು ಆಗಲೇ ಕೇಳತೊಡಗಿದ್ದರು. ಕಬ್ಬಿನ ಹಂಗಾಮು. ಬಡಿಗೇರ ಕಾಕಾನ ಅಂಗಳದ ತುಂಬ ರಿಪೇರಿಗೆ ಬಂದ ಬಂಡಿಗಾಲಿಗಳು.

"ಕಾಕಾ, ಕೂಸು ಹುಟ್ಟೂದರಾಗ ತೊಟ್ಟಿಲಾ ಬೇಕ್ರಿ."

"ಚಿಂತಿ ಬಿಡ್ರಿ ಮಾಸ್ತರ. ಕೂಸು ಸಾಲಿಗೆ ಹೋಗೂದರಾಗ ಕೊಡತೇನಿ."

ನಮ್ಮದಲ್ಲ

ತೊಟ್ಟಿಲ ಕಾಲುಗಳನ್ನು ನಾನೇ ಕಡೆಯುವುದೆಂದು ನಿಶ್ಚಯಿಸಿದೆ. ಅದಕ್ಕೆ ಕಟ್ಟಿಗೆ ತಿರುಗಿಸಿ ಕಡೆಯುವ ಸಣ್ಣದೊಂದು ಲೇಥ್ ಬೇಕು. ನಾನು "ಕಟ್ಟತೇನಿ" ಅಂದೆ. ಹೆಂಡತಿ "ಕೊಳ್ರಿ" ಅಂದಳು. ಗುಜರಿಯಲ್ಲಿ ಸಿಕ್ಕ ಹೊಲಿಗೆ ಮಷೀನಿನ ಚಕ್ರ, ತುಳಿಯುವ ಪಟ್ಟಿ ತಂದು ಹಿತ್ತಲಲ್ಲಿ ಕಟ್ಟಿಯೇಬಿಟ್ಟೆ.

ಸಾಗವಾನಿಯ ತುಂಡು ಸಿಕ್ಕಿಸಿ ತುಳಿದೆ. ಉಳಿ ತಾಗಿದ್ದೇ ತಡ, ತುಂಡು ಹಾರಿ ಗೋಡೆಯಾಚೆ ಹೋಯಿತು. ಅಲ್ಲೇನೋ ಒಡೆದ ಸಪ್ಪಳ. ಆಚೆ ಮನೆಯವರು ಪೊಲೀಸ್ ಹವಾಲ್ದಾರರು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು, ತುಂಡು ಕೈಯಲ್ಲಿ.

"ಇದು ನಿಮ್ಮದೇನ್ರಿ?"

ಉಳಿಯನ್ನು ಬೆನ್ನ ಹಿಂದೆ ಸರಿಸಿದೆ. "ಅಲ್ರಿ ಸಾಹೇಬರ."

"ಛಲೋ ಆತು. ಬಂಬಕ್ಕ ಕಟಿಗಿ ಮುಗದಿದ್ದುವು."

ನನ್ನ ಸಾಗವಾನಿ ಅವರ ಜಳಕದ ನೀರು ಕಾಯಿಸಿತು. ನಾನು ಹೊಗೆ ನೋಡುತ್ತ ನಿಂತೆ.

ಗಿರಣಿ ಮಂದಿ

ಆಗ ಹೆಂಡತಿಯ ಮಾತು ಗೆದ್ದಿತು. ರಾಮದುರ್ಗದಲ್ಲಿ ಒಬ್ಬರು ಮೋಟಾರಿನ ಲೇಥ್ ಮಾರುತ್ತಾರೆಂದು ಇಬ್ಬರೂ ಬಸ್ಸು ಹತ್ತಿದೆವು. ಮಾಲೀಕರು ಚಹಾ ಕೊಟ್ಟು, ಗುಂಡಿ ಒತ್ತಿದರು. ಮಷೀನು ಗುರ್ ಅಂದಿತು. ಇಡೀ ಓಣಿಯ ಕರೆಂಟು ಹೋಯಿತು. ಮಗ್ಗುಲಿನ ಹಿಟ್ಟಿನ ಗಿರಣಿ ನಿಂತಿತು.

ಮೈಯೆಲ್ಲ ಬೆಳ್ಳಗಾದ ಗಿರಣಿಯವನೂ ಜೋಳದ ಬುಟ್ಟಿ ಹಿಡಿದ ಹೆಂಗಸರೂ ಬಂದು ಬಾಗಿಲು ಕಟ್ಟಿ ನಿಂತರು. ಮಾಲೀಕರು ಗುಂಡಿಯಿಂದ ಕೈ ತೆಗೆದರು.

"ಮತ್ತ ಹಚ್ಚೀರೇನ್ರಿ?" ಎಂದ ಗಿರಣಿಯವ.

"ಗಿರಾಕಿ ಬಂದಾರ."

ಅವನ ಮುಖ ಅರಳಿತು. ನನ್ನತ್ತ ತಿರುಗಿ ಕೈ ಮುಗಿದ. "ತಗೊಂಡ ಹೋಗ್ರಿ ಯಜಮಾನ್ರ. ಬಸ್ಸಿನ ಮ್ಯಾಲ ನಾವ ಏರಸತೇವಿ."

ಹೆಂಡತಿ ನನ್ನ ಮೊಳಕೈ ಹಿಡಿದಳು. "ನಮ್ಮ ಓಣ್ಯಾಗೂ ಗಿರಣಿ ಐತಿ. ನಡೀರಿ."

ಕೊನೆಯ ಕಾಲು

ಮತ್ತೆ ತುಳಿಯುವ ಲೇಥೇ ಗತಿ. ಅದನ್ನು ಬಿಗಿಮಾಡಿಕೊಂಡು ಮೂರು ಕಾಲು ಕಡೆದೆ, ತೋಳಿನಷ್ಟು ದಪ್ಪ, ಚೆಂದಾಗಿಯೇ ಬಂದವು. ನಾಲ್ಕನೆಯದನ್ನು ಸಿಕ್ಕಿಸಿದ ಬೆಳಿಗ್ಗೆ ಮಗಳಿಗೆ ಬ್ಯಾನಿ ಶುರುವಾಯಿತು.

ಸೂಲಗಿತ್ತಿ ಅಜ್ಜಿ ಒಳಗೆ ಹೋಗಿ ಕದ ಹಾಕಿಕೊಳ್ಳುವ ಮೊದಲು ನನಗೆ ಹೇಳಿದಳು, "ಬಾಗಲದಾಗ ನಿಂದರಬ್ಯಾಡ್ರಿ. ಹಿತ್ತಲಕ್ಕ ಹೋಗಿ ಏನರ ಮಾಡಕೋತ ಕುಂಡರ್ರಿ."

ಹೋಗಿ ಉಳಿ ಹಿಡಿದು ತುಳಿಯತೊಡಗಿದೆ. ಮಗಳು ನರಳಿದರೆ ನನ್ನ ಕಾಲು ಜೋರಾಗಿ ತುಳಿಯುತ್ತಿತ್ತು. ಆಕೆ ಸುಮ್ಮನಾದರೆ ಹೆದರಿಕೆ ಹೆಚ್ಚಿ, ಇನ್ನೂ ಜೋರು. ಕಣ್ಣೆಲ್ಲ ಕದದ ಮೇಲೆ. ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು. ಊಟ ನೆನಪಿಲ್ಲ. ಕೊನೆಗೆ ಕೂಸಿನ ಅಳು ಕೇಳಿದಾಗ ತುಳಿಯುವುದನ್ನು ನಿಲ್ಲಿಸಿದೆ.

ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. "ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ."

ಹಿಂದೆಯೇ ಬಂದ ಅಜ್ಜಿ ಲೇಥಿನ ಹತ್ತಿರ ನಿಂತಳು. ಅದರಲ್ಲಿ ಸಿಕ್ಕಿಸಿದ್ದನ್ನು ಬಿಚ್ಚಿ ನೋಡಿದಳು. ಅದು ಹೆಬ್ಬೆರಳಿನಷ್ಟು ಸಣ್ಣಗಾಗಿತ್ತು.

"ಇದೇನ್ರಿ ಮಾಸ್ತರ?"

"ತೊಟ್ಟಿಲ ಕಾಲ್ರಿ."

ಅಜ್ಜಿ ಅದನ್ನು ನನ್ನ ಹೆಂಡತಿಯ ಕೈಗಿಟ್ಟಳು. "ನಿನ ಮಗಳು ಲಗೂನ ಹಡದ್ಲು ಬಿಡವಾ. ಇನ್ನಷ್ಟು ತಡಾ ಆಗಿದ್ರ, ನಿನ ಗಂಡ ಮೊಮ್ಮಗಳಿಗೆ ಹಲ್ಲಕಡ್ಡಿ ಕೊಡತಿದ್ದ."