ಕೆಂಚನ ಮಂಡಿ

ಆ ಭಾನುವಾರ ಬೆಳಿಗ್ಗೆ ಪುಟ್ಟಸ್ವಾಮಿ ಹೇಳಹೊರಟಿದ್ದು ಒಂದೇ ಒಂದು ಸುಳ್ಳು. ಅದೂ ಸಣ್ಣದು, ಯಾರ ಮನೆಯನ್ನೂ ಹಾಳುಮಾಡದಂಥದು.

"ಮಂಡಿ ಹಿಡ್ಕೊಂಡೈತೆ ಕಣ್ಲಾ ಅಶ್ವಥ. ನಾನು ಮಾಗಡಿಗೆ ಬರಾಕಾಗಕಿಲ್ಲ."

ಬೈಕು ನಿಲ್ಲಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ ಅಶ್ವಥ್ ಊರಿನ ಕಬಡ್ಡಿ ತಂಡವನ್ನು ನೋಡಿಕೊಳ್ಳುವವನು. ಅಂದಿನ ಪಂದ್ಯಕ್ಕೆ ಪುಟ್ಟಸ್ವಾಮಿಯೇ ಅಂಪೈರು.

ನಿಜ ಸಂಗತಿ ಬೇರೆ ಇತ್ತು. ಹೇಳಿದರೆ ಮಾನ ಹೋಗುವಂಥದು. ಊರಿನ ಹಾಲಿನ ಡೈರಿಗೆ ಸೆಕ್ರೆಟರಿಯಾದ ಈ ಮನುಷ್ಯ, ಹೆಂಡತಿ ಲತಾಮಣಿ ಟೀವಿಗೆ ನೆಟ್ ಹಾಕಿಸಿಕೊಂಡು ನೋಡುತ್ತಿದ್ದ ಕೊರಿಯಾ ಧಾರಾವಾಹಿಯನ್ನು ಹಾಲು ಹಾಕಲು ಬಂದವರ ಮುಂದೆಲ್ಲ ಆಡಿಕೊಂಡಿದ್ದ. "ಕೊರಿಯಾದೋರು ತೆಲುಗಲ್ಲಿ ಅಳೋದ ನೋಡಾಕೆ ಕರೆಂಟು ಬೇರೆ ದಂಡ" ಎಂದಿದ್ದ.

ಒಂದು ಸಂಜೆ ನೀರು ಕುಡಿಯಲು ಎದ್ದವನ ಕಣ್ಣು ಟೀವಿಯ ಮೇಲೆ ಬಿತ್ತು. ಕುಸ್ತಿಯಂಥ ಆಟ ಆಡುವ ಹುಡುಗನೊಬ್ಬ ಆಸ್ಪತ್ರೆಯ ಮಂಚದ ಮೇಲಿದ್ದ. ಡಾಕ್ಟರಮ್ಮ ಅವನ ಮಂಡಿ ಒತ್ತಿ, ನೋವಿದೆಯಾ ಎಂದು ಕೇಳಿದಳು. ಹುಡುಗ ಹಲ್ಲು ಕಚ್ಚಿಕೊಂಡು ಇಲ್ಲ ಎಂದ. ಪುಟ್ಟಸ್ವಾಮಿಯ ಲೋಟ ಕೈಯಲ್ಲೇ ನಿಂತಿತು. ಕಬಡ್ಡಿಯಲ್ಲಿ ಮಂಡಿ ತಿರುಚಿದಾಗ ತಾನೂ ಇದನ್ನೇ ಹೇಳಿದ್ದ. ಹೇಳಿ ಆಡಿದ್ದ, ಆಡಿ ಮತ್ತೆಂದೂ ಆಡಲಾಗದಂತಾಗಿದ್ದ. ತನ್ನ ಹೊಟ್ಟೆಯೊಳಗಿನ ಮಾತು ಅಷ್ಟು ದೂರದ ದೇಶದವರಿಗೆ ಹೇಗೆ ತಿಳಿಯಿತೋ. ಅವನಿಗೆ ಆಶ್ಚರ್ಯವಾಯಿತು, ಹೇಳಿಕೊಳ್ಳಲಾಗದ ಸಂತೋಷವೂ ಆಯಿತು.

ಅಂದಿನಿಂದ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕದ್ದು ನೋಡುವ ಪಾಡು. ಮುಂದೆ ಲತಾಮಣಿ, ಪಕ್ಕದ ಮನೆಯ ಮುನಿಯಮ್ಮ, ಒಮ್ಮೊಮ್ಮೆ ಅಶ್ವಥ್ ಕೂಡ ಚಾಪೆ ಹಾಸಿ ಕೂತಿರುತ್ತಿದ್ದರು. ಹುಡುಗನ ಹೆಸರು ನಾಲಿಗೆಗೆ ಹೊರಳದ ಕಾರಣ ಮುನಿಯಮ್ಮ ಅವನಿಗೆ ಕೆಂಚ ಎಂದು ನಾಮಕರಣ ಮಾಡಿದ್ದಳು.

ಈಗ ಉಳಿದದ್ದು ಕೊನೆಯ ಕಂತು. ಕೆಂಚ ಮತ್ತೆ ಆಟಕ್ಕಿಳಿಯುತ್ತಾನೋ ಇಲ್ಲವೋ ಎಂಬುದು ಅದರಲ್ಲಿತ್ತು. "ನಾನು ಊರಿಂದ ಬಂದ್ಮೇಲೆ ಎಲ್ಲಾ ಒಟ್ಟಿಗೆ ನೋಡಾನ" ಎಂದು ಬೀದಿಗೆಲ್ಲ ಹೇಳಿ ಲತಾಮಣಿ ಬೆಳಗಿನ ಬಸ್ಸಿಗೆ ತವರು ಬೈರಮಂಗಲಕ್ಕೆ ಹೊರಟಿದ್ದಳು. ಮನೆಯಲ್ಲಿ ಅವನೊಬ್ಬನೇ. ಇಂಥ ದಿನ ಮತ್ತೆ ಸಿಗುವುದುಂಟೇ.

ಅಶ್ವಥ್ ಹೊರಡಲಿಲ್ಲ. ಒಳಗೆ ಬಂದ. "ಪಂದ್ಯ ಆಮ್ಯಾಕೆ ನೋಡ್ಕೊಳ್ಳಾನ ಅಣ್ಣ. ಎಲ್ಲಿ, ಒಸಿ ಕಾಲು ಚಾಚು." ಅಷ್ಟರಲ್ಲಿ ಮುನಿಯಮ್ಮ, ಕರೆಯದಿದ್ದರೂ ಬಂದಳು. ಬಂದವಳೇ ಫ್ರಿಜ್ಜಿನಲ್ಲಿ ಕಲ್ಲಿನಂತಾಗಿದ್ದ ಹಿತಕಿದ ಅವರೆಕಾಳಿನ ಕವರು ತೆಗೆದು ಅವನ ಮಂಡಿಯ ಮೇಲಿಟ್ಟಳು.

"ಶಾಖ ಕೊಡಂಗಿಲ್ಲ ಕಣಪ್ಪಾ, ತಣ್ಣಗಿರೋದ ಮಡಗ್ಬೇಕು. ಡಾಕ್ಟ್ರಮ್ಮ ಹೇಳಿಲ್ವಾ? ಬಾವು ಬಂದಿಲ್ಲ ಅಂದ್ರೆ ಒಳಪೆಟ್ಟು. ಕೆಂಚಂಗೂ ಬಾವಿರಲಿಲ್ಲ."

"ಇತ್ತು. ಎಡಗಾಲಿಗೆ" ಎಂದುಬಿಟ್ಟ ಪುಟ್ಟಸ್ವಾಮಿ.

"ಯಾರಿಗೆ?"

"ನಮ್ಮ ಸೀಮೆಹಸೀಗೆ. ಹೋದ್ವರ್ಸ."

ಅಶ್ವಥ್ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ, ಬೈಕು ಹತ್ತಿ ಹೋದ. ಹಿಂದಿರುಗಿದಾಗ ಹಿಂದಿನ ಸೀಟಿನಲ್ಲಿ ಮೂಳೆ ಕಟ್ಟುವ ಸಿದ್ದಗಂಗಯ್ಯನವರಿದ್ದರು. ಅವರ ತೊಡೆಯ ಮೇಲೆ ಸೊಪ್ಪಿನ ಗಂಟು, ಬಿದಿರಿನ ದಬ್ಬೆಗಳು. ದಬ್ಬೆ ಕಂಡದ್ದೇ ಪುಟ್ಟಸ್ವಾಮಿಗೆ ಬುದ್ಧಿ ಬಂತು. ಹಾಳಾಗಲಿ, ಮಾನ ಹೋದರೂ ಕಾಲು ಉಳಿಯಲಿ ಎಂದುಕೊಂಡ.

"ಅಯ್ನೋರೆ, ನೋವಿಲ್ಲ. ಒಂಚೂರೂ ಇಲ್ಲ. ಸುಮ್ಕೆ ಅಂದೆ. ದೇವ್ರಾಣೆ."

ಮುನಿಯಮ್ಮ ಮತ್ತು ಅಶ್ವಥ್ ಮುಖ ಮುಖ ನೋಡಿಕೊಂಡರು. ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಂಚಾನೂ ಹಿಂಗೇ ಅಂದ. ಇದೇ ದನೀಲಿ."

"ಆಟ ಆಡ್ದೋರು ನೋವಿಲ್ಲ ಅಂದ್ರೆ ಭಾಳ ಐತೆ ಅಂತಾನೇ ಅರ್ಥ, ಅಯ್ನೋರೆ" ಎಂದ ಅಶ್ವಥ್.

ನಿಜ ಹೇಳಿದವನಿಗೆ ಇಂಥ ಗತಿ ಬರಬಾರದು. ಪುಟ್ಟಸ್ವಾಮಿ ಎದ್ದು ನಿಂತು, ನೋಡಿ ಎಂದು ಎರಡು ಸಲ ಕೂತೆದ್ದ. ಮೂರನೆಯ ಸಲಕ್ಕೆ ಆ ಹಳೆಯ ಮಂಡಿ ಲಟಕ್ಕೆಂದಿತು.

"ಕೇಳುಸ್ತಾ?" ಎಂದರು ಸಿದ್ದಗಂಗಯ್ಯ ಗಂಭೀರವಾಗಿ. "ಹಿಡ್ಕಳ್ಳಿ."

ಇಬ್ಬರೂ ಹಿಡಿದುಕೊಂಡರು. ಸೊಪ್ಪು ಮೆತ್ತಿ, ದಬ್ಬೆ ಇಟ್ಟು, ತೊಡೆಯಿಂದ ಹಿಮ್ಮಡಿಯವರೆಗೆ ಬಟ್ಟೆ ಸುತ್ತಿದ್ದಾಯಿತು. "ವಾರಕ್ಕೊಂದು ಅಂತ ಮೂರು ಕಟ್ಟು ಹಾಕ್ಬೇಕು. ಮೂರ್ನೇದು ಬಿಚ್ಚೋಗಂಟ ಕಾಲು ನೆಲಕ್ಕೆ ಸೋಕಂಗಿಲ್ಲ."

ಇರಲಿ, ಇವರು ಹೋದರೆ ಮಲಗಿಕೊಂಡೇ ಕೆಂಚನನ್ನು ನೋಡಬಹುದಲ್ಲ ಎಂದು ಅವನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಲತಾಮಣಿ ಬಾಗಿಲಲ್ಲಿ ನಿಂತಿದ್ದಳು. ಅಶ್ವಥ್ ಮಾಡಿದ ಫೋನು ಅವಳಿಗೇ. ಅರ್ಧ ದಾರಿಯಲ್ಲಿ ಇಳಿದು, ಎದುರು ಬಂದ ಬಸ್ಸು ಹತ್ತಿ ಬಂದಿದ್ದಳು. ಎಲ್ಲರನ್ನೂ ಕಳಿಸಿ, ಅವನ ಕಾಲ ಬಳಿ ಕೂತಳು.

"ನೀವು ದಿನಾ ಬಾಗ್ಲ ಹಿಂದೆ ನಿಂತ್ಕೊಂಡು ನೋಡೋದು ನಂಗೆ ಗೊತ್ತಿಲ್ವಾ? ಇವತ್ತಾರ ಕೂತ್ಕೊಂಡು, ಕಾಲು ಚಾಚ್ಕೊಂಡು ನೋಡ್ಲಿ ಅಂತಾನೇ ನಾನು ಊರಿಗೆ ಹೊಂಟಿದ್ದು. ಇಲ್ದಿದ್ರೆ ತವರಲ್ಲಿ ನಂಗೇನು ಕೆಲ್ಸ ಇತ್ತು?"

ಇಷ್ಟು ವರ್ಷದ ಸಂಸಾರದಲ್ಲಿ ಇವಳ ಮೇಲೆ ಇಷ್ಟೊಂದು ಪ್ರೀತಿ ಪುಟ್ಟಸ್ವಾಮಿಗೆ ಎಂದೂ ಉಕ್ಕಿರಲಿಲ್ಲ. ಅವಳ ಕೈ ಹಿಡಿದುಕೊಂಡ.

"ಹಂಗಾರೆ ಹಾಕು ಲತಾ. ಇಬ್ರೂ ನೋಡಾನ."

"ಹೆಂಗೆ ಹಾಕ್ಲಿ? ಫೋನ್ ಬಂದಾಗ ನನ್ನ ಜೀವ ಬಾಯಿಗೆ ಬಂದ್ಬುಡ್ತು. ಬಸ್ಸಲ್ಲೇ ಸಾವನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ಬುಟ್ಟೆ. ನಿಮ್ಮ ಕಟ್ಟು ಬಿಚ್ಚಿ, ನೀವೇ ನಡ್ಕೊಂಡು ಬಂದು ಕೈ ಮುಗಿಯೋಗಂಟ ಈ ಮನೇಲಿ ಟೀವಿ ಹಾಕಕಿಲ್ಲ ಅಂತ."

ಅವನು ಟೀವಿಯ ಕಡೆ ಒಮ್ಮೆ ನೋಡಿದ. ಆಮೇಲೆ, ಇದ್ದಬದ್ದ ಸತ್ಯವನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದ.

"ನೋವಿಲ್ಲ ಕಣೆ. ನಿಜವಾಗ್ಲೂ ಇಲ್ಲ."

ಲತಾಮಣಿ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಪಾಪ, ಕೆಂಚಾನೂ ಹಿಂಗೇ ಅಂತಿದ್ದ" ಎಂದು ಎದ್ದು ಹೋಗಿ, ಟೀವಿಯ ವೈರು ಕಿತ್ತು ಸುತ್ತಿಟ್ಟಳು.